ಮೂಡು ದಿಕ್ಕಿನ ಮೋಡ

ಕಾರ್ಕಳದ ನಮ್ಮ ಮನೆಯ ಹಿಂದೆ ಒಂದು ದೊಡ್ಡ ಪಾದೆಯಿದೆ. ನೆಲದಿಂದ ಸ್ವಲ್ಪವೇ ಎದ್ದು ಅಗಲವಾಗಿ ಹರಡಿಕೊಂಡ ಕರಿಬಂಡೆ. ಮೇ ತಿಂಗಳ ಮಧ್ಯಾಹ್ನ ಅದರ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಹಲಸಿನ ಹಪ್ಪಳ ಒಣಗಿಸಲು ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ ಎಂದು ಅತ್ತೆ ಹೇಳುತ್ತಿದ್ದರು. ನಾನು ಮದುವೆಯಾಗಿ ಬಂದ ಮೇಲೆ ಪ್ರತಿ ಬೇಸಿಗೆಯಲ್ಲೂ ಅತ್ತೆ ಹಲಸಿನಕಾಯಿಯ ಸೊಳೆ ಬೇಯಿಸಿ ಕಡೆದು ಕೊಡುವುದು, ನಾನು ಒತ್ತುವುದು, ನಾದಿನಿ ಒಯ್ದು ಪಾದೆಯ ಮೇಲಿನ ಚಾಪೆಗಳಲ್ಲಿ ಹರಡುವುದು ಎಂದು ಕೆಲಸ ಹಂಚಿಹೋಗಿತ್ತು.

ನಾದಿನಿ ಎಂದರೆ ನನ್ನ ಗಂಡನ ಒಬ್ಬಳೇ ತಂಗಿ. ಪೇಟೆಯ ಟೈಲರಿಂಗ್ ಅಂಗಡಿಯೊಂದರಲ್ಲಿ ರವಿಕೆ ಹೊಲಿಯುತ್ತಿದ್ದಳು. ಅವಳಿಗೆ ನಿಧಾನ ಎನ್ನುವುದೇ ಗೊತ್ತಿರಲಿಲ್ಲ. ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದಳು, ಬಸ್ಸು ದೂರದ ತಿರುವಿನಲ್ಲಿ ಕಂಡರೂ ಓಡುತ್ತಿದ್ದಳು. ಆ ವರ್ಷ ಅಂಬಲಪಾಡಿಯ ಒಂದು ಮನೆಯವರೊಂದಿಗೆ ಅವಳ ನಿಶ್ಚಿತಾರ್ಥವಾಗಿತ್ತು. ಮಳೆಗಾಲ ಮುಗಿದ ಮೇಲೆ ಮದುವೆ ಎಂದು ಮಾತಾಗಿತ್ತು. ನನ್ನ ಗಂಡನಿಗೆ ಕಾಪುವಿನಲ್ಲಿ ದೋಣಿಯ ಇಂಜಿನ್ ರಿಪೇರಿ ಮಾಡುವ ಸಣ್ಣ ಅಂಗಡಿ. ಬೆಳಿಗ್ಗೆ ಬೈಕಿನಲ್ಲಿ ಹೋದರೆ ಬರುವುದು ಕತ್ತಲೆಗೇ. ನಾನು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಗಾಳಿ, ಮೋಡ, ಮಳೆಯ ಪಾಠವನ್ನು ಎಷ್ಟೋ ವರ್ಷಗಳಿಂದ ಮಾಡುತ್ತ ಬಂದವಳು.

ನಮ್ಮಲ್ಲಿ ಮಳೆಯಲ್ಲಿ ಎರಡು ಬಗೆ. ಜೂನಿನಲ್ಲಿ ಹಿಡಿದು ಸುರಿಯುವ ಮಳೆ ಪಡುವಣದಿಂದ, ಸಮುದ್ರದ ಕಡೆಯಿಂದ ಬರುತ್ತದೆ. ಅದಕ್ಕೆ ಮೊದಲು ಏಪ್ರಿಲ್, ಮೇ ತಿಂಗಳಲ್ಲಿ ಸಂಜೆಯ ಹೊತ್ತು ಬರುವುದು ಮೂಡು ದಿಕ್ಕಿನ ಮಳೆ. ಬೆಳಿಗ್ಗೆ ಆಕಾಶದಲ್ಲಿ ಒಂದು ಚೂರು ಬಿಳಿ ಇರುವುದಿಲ್ಲ. ಮಧ್ಯಾಹ್ನ ಊಟದ ಮೇಲೆ ಹೆಬ್ರಿಯ ಆಚೆ, ಘಟ್ಟದ ನೆತ್ತಿಯಲ್ಲಿ ಹತ್ತಿಯ ರಾಶಿಯಂಥ ಮೋಡ ಏಳುತ್ತದೆ. ನೋಡುತ್ತಿದ್ದಂತೆಯೇ ಅದು ಎತ್ತರವಾಗುತ್ತದೆ, ಬುಡ ಕಪ್ಪಾಗುತ್ತದೆ, ಮತ್ತೆ ನಮ್ಮ ಕಡೆ ವಾಲುತ್ತದೆ. ಕೆಲವು ದಿನ ಬರೀ ಗುಡುಗಿ ಕರಗಿಹೋಗುತ್ತದೆ. ಇನ್ನು ಕೆಲವು ದಿನ ಅರ್ಧ ಗಂಟೆಯಲ್ಲಿ ಅಂಗಳ ಕೆರೆಯಾಗುತ್ತದೆ.

ಆ ದಿನವೂ ಹಾಗೆಯೇ ಶುರುವಾಯಿತು. ಶಾಲೆಗೆ ರಜೆ, ನಾದಿನಿಗೂ ವಾರದ ರಜೆ. ನಾಲ್ಕು ಗಂಟೆಯ ಸುಮಾರಿಗೆ ಗಾಳಿ ನಿಂತು ಮೈಯೆಲ್ಲ ಬೆವರಿತು. ದೂರದಲ್ಲಿ ಗುಡುಗಿದ್ದು ಕೇಳಿತು. ಅತ್ತೆ ಒಳಗಿನಿಂದಲೇ ಹಪ್ಪಳ ಎತ್ತಿ ಎಂದು ಕೂಗಿದರು. ನಾವಿಬ್ಬರೂ ಹೊರಗೆ ಹೋದಾಗ ಮೂಡಣದಿಂದ ತಣ್ಣನೆಯ ಗಾಳಿ ಒಮ್ಮೆಲೇ ನುಗ್ಗಿತು, ಎಲ್ಲೋ ಒದ್ದೆಯಾದ ಮಣ್ಣಿನ ವಾಸನೆ ಅದರಲ್ಲಿ. ನಮ್ಮ ತಲೆಯ ಮೇಲೆ ಇನ್ನೂ ಅರ್ಧ ಆಕಾಶ ನೀಲಿಯಾಗಿಯೇ ಇತ್ತು. ಹನಿಯೂ ಬಿದ್ದಿರಲಿಲ್ಲ. ನಾನು ಹತ್ತಿರದ ಚಾಪೆಯ ಬಳಿ ಕುಕ್ಕರಗಾಲಿನಲ್ಲಿ ಕೂತು ಹಪ್ಪಳ ಬಾಚಿಕೊಳ್ಳತೊಡಗಿದೆ. ನಾದಿನಿ ಪಾದೆಯ ಆ ಅಂಚಿನ ಚಾಪೆಯ ಕಡೆ ಓಡಿದಳು. ಅಲ್ಲಿ ಒಂದು ತೆಂಗಿನಮರವಿತ್ತು.

ಆಮೇಲಿನದ್ದು ನನಗೆ ಸರಿಯಾಗಿ ನೆನಪಿಲ್ಲ. ಶಬ್ದ ಕೇಳಿದ ನೆನಪಿಲ್ಲ. ಕಣ್ಣಿನ ಒಳಗೂ ಹೊರಗೂ ಒಂದೇ ಬಿಳುಪು. ಮತ್ತೆ ನೋಡಿದಾಗ ನಾನು ಅಂಗೈಯೂರಿ ಬಂಡೆಯ ಮೇಲೆ ಬಿದ್ದಿದ್ದೆ, ಎಡಗಿವಿಯಲ್ಲಿ ಸಿಳ್ಳೆಯಂಥ ಒಂದು ಸದ್ದು. ತೆಂಗಿನಮರದ ತೊಗಟೆ ಮೇಲಿನಿಂದ ಕೆಳಗಿನವರೆಗೆ ಸೀಳಿ ಅದರಿಂದ ಹಬೆ ಏಳುತ್ತಿತ್ತು. ನಾದಿನಿ ಮುಖ ಅಡಿಯಾಗಿ ಬಿದ್ದಿದ್ದಳು. ಒಂದು ಚಪ್ಪಲಿ ದೂರ ಹಾರಿಹೋಗಿತ್ತು.

ಪಕ್ಕದ ಮನೆಯವರು ಓಡಿಬಂದರು. ರಿಕ್ಷಾ ಓಡಿಸುವವರು, ಒಳ್ಳೆಯ ಮನುಷ್ಯ. ಅವರು ಬೇಲಿಯ ಬಳಿಯೇ ನಿಂತು, "ಮುಟ್ಟಬೇಡಿ ಟೀಚರ್, ಮೈಯಲ್ಲಿ ಕರೆಂಟ್ ಉಂಟು" ಎಂದರು. ಇಲ್ಲ ಎಂದು ನನಗೆ ಗೊತ್ತಿತ್ತು. ಸಿಡಿಲು ಹೊಡೆದವರ ಮೈಯಲ್ಲಿ ಏನೂ ಉಳಿದಿರುವುದಿಲ್ಲ, ಅದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಹಾದುಹೋಗಿರುತ್ತದೆ, ಧಾರಾಳವಾಗಿ ಮುಟ್ಟಬಹುದು ಎಂದು ನಾನೇ ತರಗತಿಯಲ್ಲಿ ಹೇಳುತ್ತಿದ್ದೆ. ಆದರೂ ಅವಳನ್ನು ತಿರುಗಿಸಿ ಮಲಗಿಸುವಾಗ ನನ್ನ ಕೈ ಹಿಂದೆ ಹಿಂದೆ ಸರಿಯುತ್ತಿತ್ತು. ಅವಳು ಉಸಿರಾಡುತ್ತಿರಲಿಲ್ಲ. ಶಾಲೆಯಲ್ಲಿ ಒಮ್ಮೆ ಪ್ರಥಮ ಚಿಕಿತ್ಸೆಯ ತರಬೇತಿ ಕೊಟ್ಟಿದ್ದರು. ರಬ್ಬರಿನ ಗೊಂಬೆಯ ಎದೆಯ ಮೇಲೆ ಒತ್ತಿ ನಾವೆಲ್ಲ ನಕ್ಕಿದ್ದೆವು. ಅದೇ ರೀತಿ ಒತ್ತಿದೆ. ಅತ್ತೆ ಬಾಗಿಲಲ್ಲಿ ಕೂತುಬಿಟ್ಟಿದ್ದರು. ಮಳೆ ಈಗ ಸುರಿಯತೊಡಗಿತ್ತು. ಎಷ್ಟು ಹೊತ್ತು ಒತ್ತಿದೆನೋ, ಕೊನೆಗೆ ಅವಳು ಒಮ್ಮೆ ಬಿಕ್ಕಿದಂತೆ ಉಸಿರೆಳೆದಳು. ರಿಕ್ಷಾದವರು ಆಗ ಹತ್ತಿರ ಬಂದು ಅವಳನ್ನು ಎತ್ತಿಕೊಂಡರು.

ಕಾರ್ಕಳದ ಆಸ್ಪತ್ರೆಯಿಂದ ಮಣಿಪಾಲಕ್ಕೆ ಆಂಬುಲೆನ್ಸಿನಲ್ಲಿ ಕಳಿಸಿದರು. ಹಿರಿಯಡ್ಕ ದಾಟುತ್ತಿದ್ದಂತೆ ರಸ್ತೆ ಒಣಗಿತ್ತು. ಪರ್ಕಳದಲ್ಲಿ ಹೆಂಗಸರು ಅಂಗಳ ಗುಡಿಸುತ್ತಿದ್ದರು, ಧೂಳು ಏಳುತ್ತಿತ್ತು. ಗಂಡನಿಗೆ ಫೋನ್ ಮಾಡಿದಾಗ ಅವರು ಮೊದಲು ನಂಬಲೇ ಇಲ್ಲ. "ಇಲ್ಲಿ ಬಿಸಿಲು ಉಂಟಲ್ಲ" ಎಂದರು. ಅಂಗಡಿಯ ಎದುರು ನಿಂತು ಮಾತಾಡುತ್ತಿದ್ದರಂತೆ, ಸೂರ್ಯ ಸಮುದ್ರದ ಮೇಲೆ ಕೆಂಪಗೆ ಇದ್ದನಂತೆ. ಒಂದು ಮೋಡ ಎಷ್ಟು ಸಣ್ಣ ಜಾಗದ ಮೇಲೆ ನಿಂತಿರುತ್ತದೆ ಎಂದು ಪಾಠದಲ್ಲಿ ಹೇಳುವುದು ಬೇರೆ. ಅವಳ ಕೈ ಹಿಡಿದುಕೊಂಡು ಆ ಒಣ ರಸ್ತೆಯಲ್ಲಿ ಹೋಗುವಾಗ ನನಗೆ ಬಂದದ್ದು ಸಿಟ್ಟು. ಯಾರ ಮೇಲೆ ಎಂದು ಗೊತ್ತಿರಲಿಲ್ಲ.

ಅವಳು ಉಳಿದಳು. ಭುಜದ ಮೇಲೆ ಜರಿಗಿಡದ ಎಲೆಯಂಥ ಕೆಂಪು ಗುರುತೊಂದು ಮೂಡಿತ್ತು, ಅದು ಬೇಗ ಮಾಸಿತು. ಕಿವಿಯ ತಮಟೆ ಎರಡೂ ಕಡೆ ಹರಿದಿತ್ತು. ಹರಿದದ್ದು ಕೂಡಿಕೊಳ್ಳುತ್ತದೆ, ಆದರೆ ಒಳಗಿನ ನರಕ್ಕೂ ಪೆಟ್ಟಾಗಿದೆ, ಕೇಳಿಸುವುದು ಎಷ್ಟು ಮರಳುತ್ತದೆ ಎಂದು ಹೇಳಲಾಗದು ಎಂದರು ಡಾಕ್ಟರ್. ಎಡಗಾಲಿನಲ್ಲಿ ಉರಿ. ಮರೆವು. ಸಣ್ಣದಕ್ಕೂ ಕೋಪ. ಇವೆಲ್ಲ ಇಂಥವರಲ್ಲಿ ಕಾಣುವುದೇ, ತಾಳ್ಮೆ ಬೇಕು ಎಂದು ನನ್ನ ಗಂಡನನ್ನು ಹೊರಗೆ ಕರೆದು ಹೇಳಿದರು. ಮನೆಗೆ ಬಂದ ಮೇಲೆ ಅವಳು ಕತ್ತರಿ ಹಿಡಿದು ಕೂತು, ಯಾವುದಕ್ಕೆ ಹಿಡಿದೆ ಎಂದು ಮರೆತು ಅತ್ತದ್ದನ್ನು ನಾನು ನೋಡಿದ್ದೇನೆ.

ಅಂಬಲಪಾಡಿಯವರು ಒಮ್ಮೆ ಆಸ್ಪತ್ರೆಗೆ ಹಣ್ಣು ಹಿಡಿದುಕೊಂಡು ಬಂದರು. ಆಮೇಲೆ ಫೋನು ಕಡಿಮೆಯಾಯಿತು. ಮಳೆ ಬಿಡದೆ ಸುರಿಯುವ ಆಟಿ ತಿಂಗಳಲ್ಲಿ ಆ ಮನೆಯ ಹಿರಿಯರೊಬ್ಬರು ಕಾಪುವಿಗೆ ಹೋಗಿ ನನ್ನ ಗಂಡನನ್ನು ಕಂಡರು. ಹುಡುಗ ಪುನಃ ದುಬೈಗೆ ಹೋಗುತ್ತಾನೆ, ಬರುವ ವರ್ಷ ನೋಡುವ ಎಂದರಂತೆ. ನನ್ನ ಗಂಡ ಮನೆಗೆ ಬಂದು ಅದನ್ನು ಹೇಳಿ ಬಚ್ಚಲಿಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ನಾದಿನಿಗೆ ಯಾರೂ ಹೇಳಲಿಲ್ಲ. ಅವಳು ಉಂಗುರವನ್ನು ತೆಗೆದು ದೇವರ ಕೋಣೆಯಲ್ಲಿ ಇಟ್ಟಿದ್ದು ನಾಲ್ಕು ದಿನದ ಮೇಲೆ ನನ್ನ ಕಣ್ಣಿಗೆ ಬಿತ್ತು.

ಅತ್ತೆಗೆ ಒಂದೇ ಪ್ರಶ್ನೆ, ನಮ್ಮ ಮನೆಗೇ ಯಾಕೆ. ಅವರು ಜೋಯಿಸರಲ್ಲಿಗೆ ಹೋಗಿ ಪ್ರಶ್ನೆ ಇಡಿಸಿದರು. ನಾಗನ ಅಸಮಾಧಾನ ಎಂದು ಬಂತು. ಮುಟ್ಟಾದ ಹುಡುಗಿ ಪಾದೆಗೆ ಕಾಲಿಟ್ಟಿರಬೇಕು ಎಂದೂ ಬಂತು. ಅತ್ತೆ ಇದನ್ನು ಅಡುಗೆಮನೆಯಲ್ಲಿ ನನಗೆ ಮಾತ್ರ ಹೇಳಿದರು. ಆದರೆ ಕಿವಿ ಕೇಳದ ಮೇಲೆ ನಾದಿನಿ ಎಲ್ಲರ ತುಟಿಯನ್ನೇ ನೋಡುತ್ತಿದ್ದಳು. ಬಾಗಿಲಲ್ಲಿ ನಿಂತವಳು ಎಷ್ಟನ್ನು ಹಿಡಿದಳೋ, ಆ ದಿನ ಊಟ ಮಾಡಲಿಲ್ಲ. ಮರುದಿನ ನಾನು ಶಾಲೆಗೆ ಹೊರಡುವಾಗ ಎದುರು ಬಂದು ನಿಂತಳು.

"ಅತ್ತಿಗೆ, ಮಳೆ ಹೇಗೆ ಆಗ್ತದೆ ಅಂತ ನೀವು ಮಕ್ಕಳಿಗೆ ಹೇಳ್ತೀರಲ್ವಾ. ನನಗೆ ಹೇಳಿ. ಮೊದಲಿಂದ ಹೇಳಿ."

ಹಾಗೆ ಆ ಮಳೆಗಾಲದಲ್ಲಿ ಚಾವಡಿಯಲ್ಲಿ ಕೂತು ನಾನು ಅವಳಿಗೆ ಪಾಠ ಹೇಳಿದೆ. ಬಲಗಿವಿಯ ಹತ್ತಿರ ಬಾಯಿಟ್ಟು ಜೋರಾಗಿ ಹೇಳಬೇಕು, ಪಕ್ಕದ ಮನೆಗೂ ಕೇಳುವಷ್ಟು. ಮನೆಯಲ್ಲಿ ನಾವು ಮಾತಾಡುವುದು ತುಳು. ಈ ವಿಷಯವನ್ನು ನಾನು ಕನ್ನಡದಲ್ಲಿ ಮಾತ್ರ ಹೇಳಿ ಅಭ್ಯಾಸವಾದವಳು, ಬಾಯಿಂದ ಪುಸ್ತಕದ ಮಾತೇ ಬರುತ್ತಿತ್ತು. ಶಾಲೆಯ ಮಾತು ಬೇಡ, ನನ್ನ ಹತ್ತಿರ ಮಾತಾಡುವ ಹಾಗೆ ಮಾತಾಡಿ ಎಂದು ಅವಳು ಸಿಟ್ಟಾದಳು. ಆಮೇಲೆ ತುಳುವಿನಲ್ಲೇ ಹೇಳಿದೆ.

ಬಿಸಿಲಿಗೆ ಮೊದಲು ಕಾಯುವುದು ನೆಲ, ಗಾಳಿಯಲ್ಲ ಎಂದು ಶುರುಮಾಡಿದೆ. ಕಾದ ನೆಲವನ್ನು ಮುಟ್ಟಿಕೊಂಡಿರುವ ಗಾಳಿ ಬಿಸಿಯಾಗಿ, ಹಿಗ್ಗಿ, ಹಗುರವಾಗಿ ಮೇಲೇಳುತ್ತದೆ. ಅದು ಬಿಟ್ಟ ಜಾಗಕ್ಕೆ ಸಮುದ್ರದ ತಂಪು ಗಾಳಿ ಒಳಗೆ ಬರುತ್ತದೆ, ಬರುವಾಗ ನೀರಿನ ಆವಿಯನ್ನು ಹೊತ್ತು ತರುತ್ತದೆ. ಕಾಪುವಿನಲ್ಲಿ ಮಧ್ಯಾಹ್ನ ಅಂಗಡಿಯ ಕ್ಯಾಲೆಂಡರನ್ನು ಹಾರಿಸುವ ಗಾಳಿ ಅದೇ. ಅದು ಕಾರ್ಕಳ ದಾಟಿ ಹೆಬ್ರಿಯವರೆಗೆ ಹೋದರೆ ಮುಂದೆ ಘಟ್ಟದ ಗೋಡೆ. ಅಲ್ಲಿ ಮೇಲೆ ಹತ್ತದೆ ಅದಕ್ಕೆ ಬೇರೆ ದಾರಿಯಿಲ್ಲ.

ಅವಳು ಕೇಳಿದ ಪ್ರಶ್ನೆಗಳನ್ನು ನನ್ನ ತರಗತಿಯಲ್ಲಿ ಯಾರೂ ಕೇಳಿರಲಿಲ್ಲ. ಮೇಲೆ ಹೋದರೆ ಸೂರ್ಯನಿಗೆ ಹತ್ತಿರವಲ್ಲವೇ, ಮತ್ತೆ ಗಾಳಿ ತಣ್ಣಗಾಗುವುದು ಯಾಕೆ ಎಂದಳು. ಗಂಡನ ಬೈಕಿನ ಚಕ್ರದ ವಾಲ್ವ್ ಒತ್ತಿ ಅವಳ ಬೆರಳನ್ನು ಅದರ ಎದುರು ಹಿಡಿಸಿದೆ. ಒತ್ತಡದಲ್ಲಿದ್ದ ಗಾಳಿ ಹೊರಗೆ ಬಂದು ಹಿಗ್ಗುವಾಗ ತಣ್ಣಗಾಗುತ್ತದೆ, ಮೇಲೆ ಏರುವ ಗಾಳಿಗೂ ಆಗುವುದು ಅದೇ ಎಂದೆ. ತಣ್ಣಗಾದ ಗಾಳಿಯಲ್ಲಿ ಆವಿ ಸಣ್ಣ ಸಣ್ಣ ಧೂಳನ್ನು ಹಿಡಿದುಕೊಂಡು ಹನಿಯಾಗುತ್ತದೆ, ಅದೇ ಮೋಡ. ಆವಿ ನೀರಾಗುವಾಗ ತನ್ನೊಳಗಿನ ಬಿಸಿಯನ್ನು ಬಿಟ್ಟುಕೊಡುತ್ತದೆ ಎಂದಾಗ ಅವಳು ತಟ್ಟನೆ ತನ್ನ ಮಣಿಕಟ್ಟಿನ ಕಲೆ ತೋರಿಸಿದಳು. ಅಂಗಡಿಯ ಹಬೆಯ ಇಸ್ತ್ರಿಯಿಂದ ಸುಟ್ಟದ್ದು. ಕುದಿಯುವ ನೀರಿಗಿಂತ ಹಬೆ ಹೆಚ್ಚು ಸುಡುತ್ತದೆ ಅಂತ ನಮ್ಮ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತುಂಟು ಎಂದಳು. ಆ ಬಿಸಿಯೇ ಮೋಡವನ್ನು ಮತ್ತೂ ಮೇಲೆ ನೂಕುತ್ತದೆ ಎಂದೆ. ಆಮೇಲೆ ಅದು ನೀರು ಹೆಪ್ಪುಗಟ್ಟುವ ಎತ್ತರವನ್ನು ದಾಟುತ್ತದೆ. ಅಲ್ಲಿ ಮಂಜಿನ ಹರಳುಗಳೂ ಮೆತ್ತನೆಯ ಆಲಿಕಲ್ಲುಗಳೂ ಒಂದಕ್ಕೊಂದು ತಾಗಿ ತಿಕ್ಕುತ್ತವೆ, ಚಳಿಯ ಬೆಳಿಗ್ಗೆ ಪಾಲಿಯೆಸ್ಟರ್ ಬಟ್ಟೆ ತಿಕ್ಕಿದಾಗ ಚಟಚಟ ಎನ್ನುತ್ತದಲ್ಲ, ಹಾಗೆ. ಮೋಡದ ಮೇಲ್ಭಾಗದಲ್ಲಿ ಒಂದು ಬಗೆಯ ವಿದ್ಯುತ್ತು, ಬುಡದಲ್ಲಿ ಇನ್ನೊಂದು ಬಗೆ ಸೇರುತ್ತದೆ. ಗಾಳಿಗೆ ತಡೆಯಲು ಆಗದಷ್ಟಾದಾಗ ಅದು ನೆಲದ ಕಡೆ ದಾರಿ ಹುಡುಕುತ್ತದೆ.

ಅವಳು ಆ ದಿನಗಳಲ್ಲಿ ಸ್ವಲ್ಪ ಚೇತರಿಸಿಕೊಂಡಂತೆ ಕಾಣುತ್ತಿತ್ತು. ನನಗೂ ಪಾಠದಲ್ಲಿ ಸಮಾಧಾನವಿತ್ತು. ಒಂದು ಮಧ್ಯಾಹ್ನ ಮಳೆ ನಿಂತು ಹೊಳವಾಗಿತ್ತು. ಅವಳು ನನ್ನ ಮುಖವನ್ನೇ ನೋಡುತ್ತ, "ಹಾಗಾದರೆ ನಿಮಗೆ ಯಾಕೆ ಆಗಲಿಲ್ಲ?" ಎಂದು ಕೇಳಿದಳು.

ಈ ಪ್ರಶ್ನೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಉತ್ತರವನ್ನೂ ಓದಿಕೊಂಡಿದ್ದೆ. ಸಿಡಿಲು ಹೊಡೆದದ್ದು ಮರಕ್ಕೆ. ಅಲ್ಲಿಂದ ಅದು ನೆಲದಲ್ಲಿ ಹರಡುತ್ತದೆ, ಮರದಿಂದ ದೂರ ಹೋದ ಹಾಗೆ ಕಡಿಮೆಯಾಗುತ್ತದೆ. ಎರಡು ಕಾಲುಗಳು ದೂರ ದೂರ ಇದ್ದರೆ ಒಂದು ಕಾಲಿನಿಂದ ಹತ್ತಿ ಮೈಯಲ್ಲಿ ಹಾದು ಇನ್ನೊಂದು ಕಾಲಿನಿಂದ ಇಳಿಯುತ್ತದೆ. ಕಾಲು ಕೂಡಿಸಿ ಕೂತವರಿಗೆ ಅಷ್ಟು ತಾಗುವುದಿಲ್ಲ. ನೀನು ಮರಕ್ಕೆ ಹತ್ತಿರವಿದ್ದೆ, ಓಡುತ್ತಿದ್ದೆ. ನಾನು ಕುಕ್ಕರಗಾಲಿನಲ್ಲಿ ಕೂತಿದ್ದೆ ಎಂದೆ.

ಅವಳು ಎದ್ದು ಒಳಗೆ ಹೋಗಿ ಹೊಲಿಗೆಯ ಟೇಪು ತಂದಳು. ಚಾವಡಿಯ ನೆಲದ ಮೇಲೆ ಓಡುವಾಗಿನ ಹೆಜ್ಜೆಯಷ್ಟು ಕಾಲು ಅಗಲಿಸಿ ನಿಂತು, ಬಗ್ಗಿ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಅಳೆದಳು. ನನ್ನನ್ನು ಕೂರಿಸಿ ನನ್ನ ಕಾಲುಗಳ ನಡುವೆಯೂ ಅಳೆದಳು. ಟೇಪನ್ನು ಸುತ್ತುತ್ತ, "ಅಷ್ಟೇಯಾ?" ಎಂದಳು.

ಅಷ್ಟೇ ಎಂದೆ. ಅವಳು ಟೇಪನ್ನು ಒಳಗೆ ಇಟ್ಟು ಬಂದಳು. ಒಂದು ಶಾಪವಿದ್ದಿದ್ದರೆ ಅದನ್ನು ಬೈಯಬಹುದಿತ್ತು, ಹರಕೆ ಹೇಳಬಹುದಿತ್ತು. ಹೆಜ್ಜೆಯ ಅಗಲಕ್ಕೆ ಯಾರನ್ನು ಬೈಯುವುದು? ಸುಳ್ಳು ಹೇಳಲು ನನಗೆ ಬರುತ್ತಿರಲಿಲ್ಲ, ಆದರೆ ನಿಜದಿಂದ ಅವಳಿಗೆ ಏನಾದರೂ ಒಳ್ಳೆಯದಾಯಿತೇ ಎಂದು ಈಗಲೂ ನನಗೆ ತಿಳಿದಿಲ್ಲ.

ಆಟಿ ಕಳೆದು ಸೋಣ ತಿಂಗಳಲ್ಲಿ ಅತ್ತೆ ನಾಗನಿಗೆ ತಂಬಿಲದ ಪೂಜೆ ಮಾಡಿಸಿದರು. ನಾದಿನಿ ಬರುವುದಿಲ್ಲ ಎನ್ನುತ್ತಾಳೆ ಎಂದು ನಾನು ಹೆದರಿದ್ದೆ. ಅವಳು ತಲೆಗೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ನಾಗಬನದ ಎದುರು ಕೊನೆಯವರೆಗೂ ಕೈಮುಗಿದು ನಿಂತಳು. ಮನೆಗೆ ಬಂದ ಮೇಲೆ ಅತ್ತೆಯ ಎದುರು ಕೂತು, ತನ್ನ ಸ್ವರ ಎಷ್ಟು ದೊಡ್ಡದೆಂದು ತನಗೇ ಕೇಳದೆ, ಇಡೀ ಮನೆ ತುಂಬುವ ಹಾಗೆ ಹೇಳಿದಳು. "ಅಮ್ಮ, ನಾನು ಯಾರಿಗೂ ಎಂತದೂ ಮಾಡಲಿಲ್ಲ. ಓಡಿದೆ, ಅಷ್ಟೆ. ನೀವು ನನ್ನನ್ನು ಹಾಗೆ ನೋಡಬೇಡಿ."

ಅತ್ತೆ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡರು. ಅವರು ಏನೋ ಹೇಳುತ್ತಿದ್ದರು. ಮುಖ ಮಡಿಲಲ್ಲಿದ್ದುದರಿಂದ ಅವಳಿಗೆ ಅದು ಕೇಳಿರಲಾರದು.

ದಸರಾ ರಜೆಯ ಮೇಲೆ ಎಂಟನೆಯ ತರಗತಿಗೆ ಮೋಡದ ಪಾಠ ಬಂತು. ಬೋರ್ಡಿನ ಮೇಲೆ ಮೋಡ ಬಿಡಿಸಿ ಬಾಣದ ಗುರುತು ಹಾಕುತ್ತಿದ್ದೆ. ಮಳೆಗಾಲ ಹಿಂದೆ ಸರಿಯುವಾಗಲೂ ನಮ್ಮಲ್ಲಿ ಮಧ್ಯಾಹ್ನ ಗುಡುಗುತ್ತದೆ. ಎಲ್ಲೋ ದೂರದಲ್ಲಿ, ಮಕ್ಕಳು ತಲೆ ಎತ್ತಿ ನೋಡದಷ್ಟು ಸಣ್ಣದಾಗಿ ಗುಡುಗಿತು. ನನ್ನ ಕೈಯಿಂದ ಚಾಕ್‌ಪೀಸ್ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದವಳಿಗೆ ಏಳಲು ಆಗಲಿಲ್ಲ, ಹಾಗೆಯೇ ಕುಕ್ಕರಗಾಲಿನಲ್ಲಿ ಕೂತಿದ್ದೆ. ಟೀಚರಿಗೆ ತಲೆ ತಿರುಗಿತು ಎಂದುಕೊಂಡು ಹುಡುಗಿಯರು ನೀರು ತಂದರು. ನೀರು ಕುಡಿದು ಪಾಠ ಮುಗಿಸಿದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಬೇಕು, ಬೇಗ ಕೇಳಿದರೆ ಸಿಡಿಲು ಹತ್ತಿರ ಎಂದು ಅರ್ಥ, ಗುಡುಗು ಕೇಳಿದರೆ ಸಾಕು, ಮನೆಯೊಳಗೆ ಹೋಗಬೇಕು ಎಂದು ಹೇಳಿಕೊಟ್ಟೆ. ಹೇಳುವಾಗ ಮನೆಯಲ್ಲಿದ್ದ ನಾದಿನಿಯ ನೆನಪಾಯಿತು. ಅವಳಿಗೆ ಗುಡುಗು ಕೇಳುವುದಿಲ್ಲ. ಎಣಿಸಿ ಎಲ್ಲಿಗೆ ನಿಲ್ಲಿಸುವುದು?

ಸಂಜೆ ಹೋದಾಗ ಅವಳು ಒಳಕೋಣೆಯಲ್ಲಿ ಮಣೆಯ ಮೇಲೆ, ಎರಡೂ ಪಾದಗಳನ್ನು ಒಂದಕ್ಕೊಂದು ಒತ್ತಿ ಕೂತಿದ್ದಳು. ಮತ್ತೆ ಹಲವು ತಿಂಗಳು ಅವಳು ಹಾಗೆಯೇ ಕೂರುತ್ತಿದ್ದಳು. ಅಂಗಡಿಗೆ ಮರಳಿ ಹೋದ ಮೇಲೂ, ಬಸ್ಸಿನಲ್ಲೂ, ಊಟಕ್ಕೆ ಕೂತಾಗಲೂ. ನನ್ನ ಗಂಡ ಮನೆಗೆ ಮಿಂಚುಬಂಧಕ ಹಾಕಿಸಿದರು. ನಂದಿಕೂರಿನ ವಿದ್ಯುತ್ ಸ್ಥಾವರದ ಅಷ್ಟೆತ್ತರದ ಚಿಮಣಿಗೂ ಇಂಥದೇ ಒಂದು ಉಂಟು, ಅದು ನಿಂತಿಲ್ಲವಾ ಎಂದು ತಂಗಿಗೆ ಸನ್ನೆ ಮಾಡಿ ವಿವರಿಸಿದರು. ಅವಳು ತಲೆಯಾಡಿಸಿದಳು, ಆದರೆ ಪಾದೆಯ ಕಡೆಗೆ ಹೋಗಲಿಲ್ಲ. ಮರುವರ್ಷ ನಾವು ಹಪ್ಪಳ ಮಾಡಲಿಲ್ಲ. ಹಲಸಿನಹಣ್ಣು ಮರದ ಬುಡದಲ್ಲೇ ಬಿದ್ದು ಕೊಳೆಯಿತು. ಆ ಬೇಸಿಗೆ ಬಹಳ ಉದ್ದವಿತ್ತು. ಮೇ ಕೊನೆಯಲ್ಲಿ ಬರುವ ಪತ್ತನಾಜೆ ಕಳೆದರೂ ಪಡುವಣದ ಮಳೆ ಹಿಡಿಯಲಿಲ್ಲ, ಮೂಡಣದಲ್ಲಿ ಮಾತ್ರ ದಿನ ಬಿಟ್ಟು ದಿನ ಮೋಡ ಏಳುತ್ತಿತ್ತು. ಅವಳು ಕಿಟಕಿಯಲ್ಲಿ ನಿಂತು ಅದನ್ನು ನೋಡುವಳು. ಮೋಡದ ತಲೆ ಮೇಲೆ ಹೋಗಿ ಕಮ್ಮಾರನ ಅಡಿಗಲ್ಲಿನ ಹಾಗೆ ಚಪ್ಪಟೆಯಾದ ಕೂಡಲೇ ಬಂದು ನನಗೆ ಹೇಳುವಳು. ಅಷ್ಟನ್ನು ನಾನೇ ಕಲಿಸಿದ್ದೆ.

ಈಗ ಅವಳು ಕಾಪುವಿನಲ್ಲಿದ್ದಾಳೆ. ಅಣ್ಣನ ಅಂಗಡಿಯ ಪಕ್ಕದ ಕೋಣೆಯಲ್ಲಿ ಎರಡು ಮೆಷಿನ್ ಹಾಕಿಕೊಂಡಿದ್ದಾಳೆ, ಹಿಂದೆಯೇ ಒಂದು ಬಾಡಿಗೆ ಮನೆ. ವಾರಕ್ಕೊಮ್ಮೆ ಬರುತ್ತಾಳೆ. ಬಲಗಿವಿಗೆ ಯಂತ್ರವಿದೆ, ಹತ್ತಿರ ಕೂತರೆ ಮಾತು ಕೇಳುತ್ತದೆ. ಸಂಬಂಧಗಳು ಬಂದವು, ಹೋದವು. ಒಂದೆರಡಕ್ಕೆ ಅವಳೇ ಬೇಡ ಎಂದಳು. ಕೋಪ ಕಡಿಮೆಯಾಗಿದೆ. ಕಾಪುವಿಗೆ ಹೋಗಿದ್ದಾಗ, ಇಲ್ಲಿ ಭಯ ಕಡಿಮೆಯಾ ಎಂದು ಒಮ್ಮೆ ಕೇಳಿದ್ದೆ. ಅವಳು, "ಇಲ್ಲಿಂದ ಹೊರಟ ಗಾಳಿಯೇ ಅಲ್ವಾ ಅತ್ತಿಗೆ, ಅಲ್ಲಿ ನಿಮ್ಮ ತಲೆಯ ಮೇಲೆ ಹೋಗಿ ಮೋಡ ಆಗುವುದು?" ಎಂದಳು.

ಏಪ್ರಿಲ್ ಬಂತೆಂದರೆ ಮಧ್ಯಾಹ್ನದ ಹೊತ್ತು ಅವಳಿಂದ ನನ್ನ ಮೊಬೈಲಿಗೆ ಮೆಸೇಜ್ ಬರುತ್ತದೆ. ಗಾಳಿ ಜೋರುಂಟು, ಒಳಗೆ ಇರಿ ಎಂದು. ಎಷ್ಟೋ ದಿನ ಇಲ್ಲಿ ಒಂದು ಮೋಡವೂ ಇರುವುದಿಲ್ಲ. ನಾನು ಶಾಲೆಯಲ್ಲಿದ್ದರೂ, ಮನೆಯಲ್ಲಿದ್ದರೂ, ಒಳಗೆ ಇದ್ದೇನೆ ಎಂದು ಬರೆಯುತ್ತೇನೆ. ಅದನ್ನು ಅವಳು ಓದಿದಳು ಎಂದು ನೀಲಿ ಗುರುತು ಬೀಳುವವರೆಗೆ ಕಾಯುತ್ತೇನೆ. ಬಟ್ಟೆ ಒಗೆದು ಹೊರಗೆ ಹರವಿದ್ದರೆ ಮೊದಲು ಅದನ್ನು ಒಳಗೆ ತಂದೇ ಬರೆಯುತ್ತೇನೆ.